ಗಿಟಾರಿಗೊಂದು ಪುಟ್ಟ ಆಂಪ್ಲಿಫೈಯರ್: ಕೊಳ್ಳುವ ಮುನ್ನ ತಿಳಿಯಬೇಕಾದುದು

ಕಾಲೇಜಿಗೆ ಸೇರಿದ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಪುಸ್ತಕವನ್ನೋ ಉಡುಪನ್ನೋ ಕೇಳುವುದು ವಾಡಿಕೆ. ಗಿಟಾರಿಗೆ ಒಂದು ಆಂಪ್ಲಿಫೈಯರ್ ಬೇಕೆಂದರೆ ಮಾತ್ರ ನಮ್ಮ ಮನೆಗಳಲ್ಲಿ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳಿಂದ ಮಂಗಳೂರಿನ ಕಾಲೇಜುಗಳಿಗೆ ರೈಲಿನಲ್ಲಿ ಹೋಗಿ ಬರುವ, ಇಲ್ಲವೆ ಅಲ್ಲಿಯೇ ವಸತಿನಿಲಯದಲ್ಲಿ ನಿಲ್ಲುವ ನಮ್ಮ ಮಕ್ಕಳಲ್ಲಿ ಗಿಟಾರ್ ಹಿಡಿದವರು ಈಗ ವಿರಳರಲ್ಲ.

ಅದು ನಮ್ಮ ವಾದ್ಯವೇ ಎಂಬ ಆಕ್ಷೇಪಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಪಾಶ್ಚಾತ್ಯರ ಪಿಟೀಲು ನಮ್ಮ ಕಚೇರಿಗಳಲ್ಲಿ ಗಾಯಕನ ಮಗ್ಗುಲಲ್ಲಿ ಕುಳಿತು ತಲೆಮಾರುಗಳೇ ಕಳೆದಿವೆ. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ಲೋಕವನ್ನು ಬೆರಗುಗೊಳಿಸಿದ ಕದ್ರಿ ಗೋಪಾಲನಾಥರು (1949–2019) ದಕ್ಷಿಣ ಕನ್ನಡದವರೇ. ವಾದ್ಯ ಎಲ್ಲಿಂದ ಬಂದರೇನು, ಅದನ್ನು ಒಲಿಸಿಕೊಳ್ಳುವ ಸಾಧನೆ ಮುಖ್ಯ. ಆದುದರಿಂದ ಕೊಡಿಸಬೇಕೇ ಬೇಡವೇ ಎಂಬ ವಾದವನ್ನು ಅಷ್ಟಕ್ಕೇ ಬಿಟ್ಟು, ಕೊಡಿಸುವುದಾದರೆ ಎಂತಹುದನ್ನು ಎಂದು ವಿಚಾರಿಸೋಣ.

ಮೊದಲು ಗಿಟಾರ್ ಯಾವುದೆಂದು ಕೇಳಿರಿ

ಟೊಳ್ಳು ಒಡಲಿನ ಸಾದಾ ಗಿಟಾರಿಗೆ ಮನೆಯ ಅಭ್ಯಾಸದಲ್ಲಿ ಆಂಪ್ಲಿಫೈಯರಿನ ಅಗತ್ಯವೇ ಇಲ್ಲ. ವೀಣೆಯ ಕೊಡದಂತೆ ಅದರ ಒಡಲೇ ನಾದವನ್ನು ಹೆಚ್ಚಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಒಡಲಾದರೋ ಸಾಮಾನ್ಯವಾಗಿ ಗಟ್ಟಿ ಮರ. ಅದರ ತಂತಿ ಮೀಟಿದರೆ ಪಕ್ಕದಲ್ಲಿ ಕುಳಿತವನಿಗೂ ಸರಿಯಾಗಿ ಕೇಳಿಸದು. ತಂತಿಗಳ ಕೆಳಗೆ 'ಪಿಕಪ್' ಎಂಬ ಅಂಗವಿರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ, ಹೈಸ್ಕೂಲಿನ ಪಾಠದಲ್ಲಿ ನಾವೆಲ್ಲ ಓದಿದ ತತ್ತ್ವವೇ ಇದು. ಈ ಕ್ಷೀಣ ವಿದ್ಯುತ್ತನ್ನು ಬಲಪಡಿಸಿ ಸ್ಪೀಕರಿಗೆ ಒಪ್ಪಿಸುವುದೇ ಆಂಪ್ಲಿಫೈಯರಿನ ಕೆಲಸ.

ಮನೆಯಲ್ಲಿರುವ ಸ್ಟೀರಿಯೋಕ್ಕೆ ಸಿಕ್ಕಿಸಿದರೆ ಸಾಲದೇ ಎಂದು ಹಲವರು ಕೇಳುವುದುಂಟು. ಸಾಲದು. ಪಿಕಪ್ಪಿನ ಸಂಕೇತಕ್ಕೆ ಸುಮಾರು ಹತ್ತು ಲಕ್ಷ ಓಮ್‌ಗಳಷ್ಟು ಪ್ರತಿರೋಧವುಳ್ಳ ಪ್ರವೇಶದ್ವಾರ ಬೇಕು. ಸ್ಟೀರಿಯೋದಲ್ಲಿ ಅದು ಕೆಲವು ಹತ್ತು ಸಾವಿರ ಮಾತ್ರ. ಆಗ ಸದ್ದು ಕುಗ್ಗಿ, ತಾರಸ್ವರಗಳು ಮಂಕಾಗುತ್ತವೆ. ಮೇಲಾಗಿ ಗಿಟಾರಿನ ಸ್ಪೀಕರು ಸುಮಾರು 5,000 ಹರ್ಟ್ಸ್ ಮೇಲಿನ ಕರ್ಕಶ ಧ್ವನಿಗಳನ್ನು ತಾನಾಗಿ ಸೋಸಿಬಿಡುತ್ತದೆ. ಸ್ಟೀರಿಯೋದ ಸ್ಪೀಕರಿಗೆ ಆ ಗುಣವಿಲ್ಲ.

ಬೇಸ್ ಗಿಟಾರ್ ನುಡಿಸುವವರಿಗೆ ಅದಕ್ಕೆಂದೇ ಮಾಡಿದ ಆಂಪ್ಲಿಫೈಯರ್ ಬೇಕು. ಅದರ ಅತಿಮಂದ್ರ ತಂತಿಯ ಕಂಪನ ಸೆಕೆಂಡಿಗೆ 41 ಮಾತ್ರ. ಸಾಮಾನ್ಯ ಗಿಟಾರಿನದು 82. ಚಿಕ್ಕ ಗಿಟಾರ್ ಸ್ಪೀಕರಿನಲ್ಲಿ ಬೇಸನ್ನು ಜೋರಾಗಿ ನುಡಿಸಿದರೆ ಅದರ ಕಾಗದದ ಶಂಕು ಹರಿಯಲೂಬಹುದು.

ವ್ಯಾಟಿನ ಲೆಕ್ಕ

ವ್ಯಾಟು ಇಮ್ಮಡಿಯಾದರೆ ಸದ್ದೂ ಇಮ್ಮಡಿಯೆಂದು ಎಣಿಸಬಾರದು. ಶಕ್ತಿ ಇಮ್ಮಡಿಸಿದಾಗ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಸುಮಾರು ಎರಡರಷ್ಟು ಜೋರೆನಿಸಬೇಕಾದರೆ ಶಕ್ತಿ ಹತ್ತರಷ್ಟಾಗಬೇಕು. ಆದುದರಿಂದ 10 ವ್ಯಾಟಿಗೂ 20 ವ್ಯಾಟಿಗೂ ಕಿವಿಗೆ ತೋರುವ ವ್ಯತ್ಯಾಸ ಅಲ್ಪ. ಕೋಣೆಯ ಅಭ್ಯಾಸಕ್ಕೆ 10 ವ್ಯಾಟ್ ಧಾರಾಳ. ಡ್ರಮ್ಮಿನವರೊಡನೆ ವೇದಿಕೆ ಏರುವ ಕಾಲ ಬಂದಾಗ ದೊಡ್ಡದರ ಮಾತು.

ವ್ಯಾಟಿಗಿಂತ ಸ್ಪೀಕರಿನ ಅಳತೆಯನ್ನು ಗಮನಿಸುವುದು ಜಾಣತನ. ಫೆಂಡರ್ ಕಂಪೆನಿಯ ಫ್ರಂಟ್‌ಮನ್ 10ಜಿ 10 ವ್ಯಾಟಿನದು, ಸ್ಪೀಕರು 6 ಅಂಗುಲ. ಆರೆಂಜ್ ಕಂಪೆನಿಯ ಕ್ರಶ್ 20ರಲ್ಲಿ 20 ವ್ಯಾಟ್, 8 ಅಂಗುಲದ ಸ್ಪೀಕರು. ಎರಡನೆಯದರ ಮಂದ್ರಸ್ವರ ಹೆಚ್ಚು ತುಂಬಿ ಕೇಳಿಸಲು ವ್ಯಾಟಿಗಿಂತಲೂ ಆ ಅಗಲವೇ ಕಾರಣ. ಬಾಸ್ ಕಂಪೆನಿಯ ಕಟಾನಾ ಮಿನಿ 7 ವ್ಯಾಟಿನದು, 4 ಅಂಗುಲದ ಸ್ಪೀಕರಿನದು. ಆರು ಪೆನ್ಸಿಲ್ ಸೆಲ್ಲುಗಳಿಂದಲೂ ನಡೆಯುವುದರಿಂದ ಕರೆಂಟು ಕೈಕೊಡುವ ಊರುಗಳಿಗೆ ಅನುಕೂಲ.

ಕವಾಟಗಳುಳ್ಳ, ಎಂದರೆ ಹಳೆಯ ರೇಡಿಯೋಗಳಂತೆ ವಾಲ್ವಿನ ಆಂಪ್ಲಿಫೈಯರಿನ ನಾದವನ್ನು ಬಲ್ಲವರು ಬಹಳ ಮೆಚ್ಚುತ್ತಾರೆ. ಆದರೆ ಅದು ತೂಕ, ಬೆಲೆ ಹೆಚ್ಚು, ವಾಲ್ವು ಸವೆದಂತೆ ಬದಲಿಸಬೇಕು. ಜೋರಾಗಿ ನುಡಿಸಿದಾಗಲೇ ಅದರ ಸೊಗಸು ಹೊರಬೀಳುವುದು. ವಿದ್ಯಾರ್ಥಿಗೆ ಟ್ರಾನ್ಸಿಸ್ಟರಿನದೇ ಲೇಸು.

ಗುಂಡಿಗಳ ಅರ್ಥ

'ಗೇನ್' ಮತ್ತು 'ವಾಲ್ಯೂಮ್' ಎಂಬ ಎರಡು ಬೇರೆ ಬೇರೆ ತಿರುಪುಗುಂಡಿಗಳಿರುವುದನ್ನೇ ಆರಿಸಿರಿ. ಗೇನ್ ಹೆಚ್ಚಿಸಿದರೆ ನಾದ ಒಡೆದು ಗರಗರಿಸುತ್ತದೆ. ರಾಕ್ ಸಂಗೀತಕ್ಕೆ ಬೇಕಾದುದು ಅದೇ. ವಾಲ್ಯೂಮ್ ಬೇರೆಯಿದ್ದರೆ ಆ ಗರಗರಿಕೆಯನ್ನು ಮೆಲುದನಿಯಲ್ಲಿಯೂ ಪಡೆಯಬಹುದು. ಒಂದೇ ಗುಂಡಿಯಿದ್ದರೆ ಅದಕ್ಕಾಗಿ ಮನೆಯನ್ನೇ ನಡುಗಿಸಬೇಕಾದೀತು. ನೂರಾರು ಬಗೆಯ ಧ್ವನಿಗಳನ್ನು ಅನುಕರಿಸುವ ಡಿಜಿಟಲ್ ಆಂಪ್ಲಿಫೈಯರುಗಳೂ ಇವೆ. ಕಲಿಯುವವನು ನುಡಿಸುವುದನ್ನು ಬಿಟ್ಟು ಗುಂಡಿ ತಿರುಗಿಸುತ್ತಲೇ ಸಂಜೆ ಕಳೆಯುವ ಅಪಾಯ ಅವುಗಳಲ್ಲಿದೆ.

ಹೆಡ್‌ಫೋನ್ ಸಿಕ್ಕಿಸುವ ರಂಧ್ರ ಇರಲೇಬೇಕು. ಮೊಬೈಲಿನಿಂದ ಹಾಡು ಹಾಕಿ ಅದರೊಡನೆ ನುಡಿಸಲು ಇನ್ನೊಂದು ರಂಧ್ರವಿದ್ದರೆ ಒಳ್ಳೆಯದು. ಹೆಡ್‌ಫೋನ್ ಮಾತ್ರ ತಂತಿಯದೇ ಆಗಲಿ. ಬ್ಲೂಟೂತಿನಲ್ಲಿ ಬೆರಳು ಮೀಟಿದ ಸ್ವರ ಕಿವಿಗೆ ತಡವಾಗಿ ತಲಪಿ ತಾಳವೇ ತಪ್ಪುತ್ತದೆ.

ನೆರೆಹೊರೆ ಮತ್ತು ಕಿವಿ

ವಸತಿನಿಲಯದಲ್ಲಾಗಲಿ ಮನೆಯಲ್ಲಾಗಲಿ ಜಗಳ ಹುಟ್ಟುವುದು ಸದ್ದಿನಿಂದ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು (2000) ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಮಿತಿಯನ್ನಿಟ್ಟಿವೆ. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಸಾಧಾರಣ ಮಾತುಕತೆಯೇ ಸುಮಾರು 60 ಡೆಸಿಬೆಲ್ ಎಂದಮೇಲೆ, ಪುಟ್ಟ ಆಂಪ್ಲಿಫೈಯರನ್ನೂ ತಗ್ಗಿಸಿಯೇ ಇಡಬೇಕು.

ಹಾಗೆಂದು ಹೆಡ್‌ಫೋನಿನಲ್ಲಿ ಎಷ್ಟಾದರೂ ಹೆಚ್ಚಿಸಬಹುದೆಂದಲ್ಲ. ನೆರೆಯವರು ಪಾರಾದರೂ ಮಗುವಿನ ಕಿವಿ ಪಾರಾಗದು. ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಮೀರದಂತೆ ಕೇಳುವುದು ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಅಭ್ಯಾಸದ ಬಳಿಕ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಅದು ಎಚ್ಚರಿಕೆ. ಸಂಗೀತ ಕಲಿಯುವವನು ಕಿವಿಯನ್ನೇ ಕಳೆದುಕೊಂಡರೆ ಗಿಟಾರ್ ಇದ್ದೂ ಫಲವೇನು?

ಕರೆಂಟು, ಮಳೆ, ಸಿಡಿಲು

ಪರದೇಶದ ಬಂಧುಗಳಿಂದ ತರಿಸುವವರು ಹಿಂಬದಿಯ ಬರಹವನ್ನು ಓದಿಸಿ ನೋಡಿರಿ. ಅಮೆರಿಕದ್ದು 120 ವೋಲ್ಟಿನದು, ಜಪಾನಿನದು 100. ಅವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ. ದುಬಾಯಿಯ ವೋಲ್ಟೇಜು ನಮಗೆ ಹೊಂದುತ್ತದೆ, ಪ್ಲಗ್ಗಿನ ಆಕಾರ ಮಾತ್ರ ಬೇರೆ. ಮೂರು ಕಡ್ಡಿಯ ಪ್ಲಗ್ಗಿದ್ದರೆ ಅರ್ತಿನ ಕಡ್ಡಿಯನ್ನು ಎಂದೂ ಮುರಿಯಬಾರದು. ನುಡಿಸುವವನ ಬೆರಳು ಲೋಹದ ತಂತಿಯ ಮೇಲಿರುತ್ತದೆ ಎಂಬುದು ನೆನಪಿರಲಿ. ಪತ್ತನಾಜೆಯ ಸುತ್ತಿನ ಮತ್ತು ತುಲಾಮಾಸದ ಸಿಡಿಲಿನ ಹೊತ್ತಿಗೆ ಪ್ಲಗ್ಗು ಕಿತ್ತಿಡುವುದು ಕಡ್ಡಾಯ. ಆಟಿಯ ಮಳೆಯಲ್ಲಿ ಥಂಡಿಯ ಗೋಡೆಗೆ ತಾಗಿಸಿಟ್ಟರೆ ಸಂಪರ್ಕಗಳಿಗೆ ಕಿಲುಬು ಹಿಡಿಯುತ್ತದೆ.

ಅಂಗಡಿಯಲ್ಲಿ

ಪೇಟೆಗೆ ಹೋಗುವಾಗ ಮಕ್ಕಳು ತಮ್ಮ ಗಿಟಾರನ್ನೇ ಕೊಂಡುಹೋಗಲಿ. ಅಂಗಡಿಯ ಬೆಲೆಬಾಳುವ ಗಿಟಾರಿನಲ್ಲಿ ಯಾವ ಆಂಪ್ಲಿಫೈಯರೂ ಚೆನ್ನಾಗಿ ಕೇಳಿಸೀತು. ಬಳಸಿದ್ದನ್ನು ಕೊಳ್ಳುವುದಾದರೆ ಪ್ರತಿ ಗುಂಡಿಯನ್ನೂ ತಿರುಗಿಸಿ ಕರಕರ ಸದ್ದಿದೆಯೇ, ತಂತಿಯ ತುದಿ ಸಿಕ್ಕಿಸುವಲ್ಲಿ ಸಡಿಲವಿದೆಯೇ, ಸ್ಪೀಕರಿನ ಕಾಗದ ಹರಿದಿದೆಯೇ ಎಂದು ನೋಡಬೇಕು. ಹತ್ತು ಅಡಿಯ ಒಳ್ಳೆಯ ಕೇಬಲ್ಲಿಗೂ ಹಣ ತೆಗೆದಿರಿಸಿ. ಅಗ್ಗದ ಕೇಬಲ್ಲು ಬೇಗ ಕೆಟ್ಟು, ದೋಷ ಆಂಪ್ಲಿಫೈಯರಿನದೆಂಬ ಭ್ರಮೆ ಹುಟ್ಟಿಸುತ್ತದೆ.

ಮಗು ಇನ್ನೂ ಕಲಿಕೆಯ ಮೊದಲ ಮೆಟ್ಟಿಲಲ್ಲಿದ್ದರೆ, ಗಿಟಾರಿಗೇ ಸಿಕ್ಕಿಸಿ ಹೆಡ್‌ಫೋನಿನಲ್ಲಿ ಕೇಳುವ ಅಂಗೈಯಗಲದ ಸಾಧನ ಸಾಕು. ವಾಕ್ಸ್ ಕಂಪೆನಿಯ ಆಂಪ್‌ಪ್ಲಗ್ ಅಂತಹುದು. ಆರು ತಿಂಗಳು ದಿನಂಪ್ರತಿ ಅರ್ಧ ಗಂಟೆ ತಪ್ಪದೆ ಕುಳಿತು ನುಡಿಸಿದರೆ ಆಂಪ್ಲಿಫೈಯರ್ ಕೊಡಿಸುತ್ತೇವೆಂದು ಮಾತುಕೊಡಿರಿ. ಮಕ್ಕಳು ಅವರ ಮಾತು ಉಳಿಸಿಕೊಂಡರೆ ನಿಮ್ಮ ಮಾತನ್ನೂ ಉಳಿಸಿಕೊಳ್ಳಿರಿ. ಕೊಟ್ಟ ಬಳಿಕ ವಾರಕ್ಕೊಮ್ಮೆಯಾದರೂ ಚಾವಡಿಯಲ್ಲಿ ಕುಳ್ಳಿರಿಸಿ, ನುಡಿಸಿದ್ದನ್ನು ಮನೆಮಂದಿಯೆಲ್ಲ ಕೇಳಿರಿ.