ನಿಮಗಿದು ಗೊತ್ತೇ? ಚೆನ್ನೈ ಅಂಗಡಿಗಳ ತೆರಿಗೆ ತಾರೀಖಿನ ತಮಾಷೆಗಳು

ಚೆನ್ನೈನಲ್ಲಿ ಅಂಗಡಿ ಇಟ್ಟವರ ಗೋಡೆಯ ಕ್ಯಾಲೆಂಡರ್ ಒಮ್ಮೆ ನೋಡಿ. 7ಕ್ಕೆ ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಮಾರಾಟದ ಬಿಲ್ಲುಗಳ ಪಟ್ಟಿ ಜಿಎಸ್‌ಟಿಆರ್-1. ಕೆಲಸದವರು ಹೆಚ್ಚಿದ್ದರೆ 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿ ಕಟ್ಟಿ ಸಲ್ಲಿಸುವ ರಿಟರ್ನ್ 3ಬಿ. ಏಕಾದಶಿ ಉಪವಾಸವಾದರೂ ತಿಂಗಳಿಗೆ ಎರಡೇ ಸಲ ಬರುತ್ತದೆ, ಇವು ನಾಲ್ಕು!

ಎಲ್ಲರಿಗೂ ಕಡೇ ದಿನ ಒಂದೇ ಅಂದುಕೊಂಡಿರಾ? ಇಲ್ಲ! ವರ್ಷಕ್ಕೆ 5 ಕೋಟಿಯೊಳಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ 3ಬಿ ಸಲ್ಲಿಸಬಹುದು. ಚೆನ್ನೈಯವರಿಗೆ ಅದರ ಗಡುವು 22. ಕೋಲ್ಕತ್ತದವರಿಗೆ 24! ಎಲ್ಲರೂ ಒಂದೇ ದಿನ ನುಗ್ಗಿದರೆ ಪೋರ್ಟಲ್ ಮಲಗಿಬಿಡುತ್ತದೆ ಎಂದು ದೇಶವನ್ನೇ ಎರಡು ಪಾಲು ಮಾಡಿದ್ದಾರೆ. ಕರ್ನಾಟಕ, ತಮಿಳುನಾಡು ಒಂದೇ ಪಾಲಿನಲ್ಲಿವೆ. ಕಾವೇರಿ ವಿಷಯದಲ್ಲಿ ಆಗದ್ದು ಇಲ್ಲಿ ಆಗಿದೆ ನೋಡಿ!

ಒಂದು ರೂಪಾಯಿ ವ್ಯಾಪಾರವೂ ಆಗಲಿಲ್ಲ. ತೆರಿಗೆಯೂ ಇಲ್ಲ. ಹಾಗಾದರೆ ರಿಟರ್ನ್ ಬೇಡ ತಾನೇ? ಬೇಕು! ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ಸೊನ್ನೆ ರಿಟರ್ನ್ ಸಲ್ಲಿಸಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿ, 500 ರೂಪಾಯಿ ತಲುಪುವವರೆಗೆ. ಏನೂ ಮಾರದಿದ್ದಕ್ಕೂ ದಂಡ!

ಆ ಸೊನ್ನೆ ರಿಟರ್ನ್‌ಗೆ ಕಂಪ್ಯೂಟರ್ ಬೇಡ, ಇಂಟರ್ನೆಟ್ಟೂ ಬೇಡ, ಆಡಿಟರ್ ಮನೆ ಬಾಗಿಲು ತಟ್ಟುವುದೂ ಬೇಡ. ಬಟನ್ ಒತ್ತುವ ಹಳೇ ಫೋನ್ ಸಾಕು! ನೋಂದಾಯಿಸಿದ ಮೊಬೈಲಿನಿಂದ 14409ಕ್ಕೆ ಎಸ್‌ಎಂಎಸ್ ಕಳಿಸಿ. ಮೊದಲು 'ನಿಲ್', ಆಮೇಲೆ '3ಬಿ', ಆಮೇಲೆ ನಿಮ್ಮ ಜಿಎಸ್‌ಟಿ ನಂಬರು, ಕೊನೆಗೆ ತಿಂಗಳು ಮತ್ತು ವರ್ಷ. ಆರಂಕಿಯ ಕೋಡ್ ಬರುತ್ತದೆ. ಅದನ್ನು ವಾಪಸ್ ಕಳಿಸಿದಿರೋ, ರಿಟರ್ನ್ ಮುಗಿಯಿತು. 2020ರ ಜೂನ್‌ನಿಂದಲೇ ಈ ಸೌಕರ್ಯವಿದೆ. ಕಾಫಿಗೆಂದು ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಕೆಲಸ ಆಯಿತು!

ನೀವು ಪಕ್ಕಾ ಆಸಾಮಿ, ಎಲ್ಲವನ್ನೂ ಟೈಮಿಗೆ ಸರಿಯಾಗಿ ಸಲ್ಲಿಸುತ್ತೀರಿ. ಆದರೂ ಜೇಬಿಗೆ ಕತ್ತರಿ ಬೀಳಬಹುದು! ಹೇಗೆ ಗೊತ್ತೇ? ನಿಮಗೆ ಸರಕು ಕೊಟ್ಟ ಸಾಹುಕಾರ್‌ಪೇಟೆಯ ಸಗಟು ವ್ಯಾಪಾರಿ 11ನೇ ತಾರೀಖಿನೊಳಗೆ ತನ್ನ ಬಿಲ್ಲುಗಳನ್ನು ಹಾಕಬೇಕು. 14ಕ್ಕೆ 2ಬಿ ಎಂಬ ಪಟ್ಟಿ ತಯಾರಾಗುತ್ತದೆ. ಅವನ ಬಿಲ್ಲು ಅದರಲ್ಲಿ ಇಲ್ಲವೋ, ನೀವು ಆಗಲೇ ಕೊಟ್ಟ ತೆರಿಗೆಗೆ ಆ ತಿಂಗಳು ಕ್ರೆಡಿಟ್ ಸಿಗುವುದಿಲ್ಲ. ಸೋಮಾರಿತನ ಅವನದು, ಕೈಯಿಂದ ಕಟ್ಟುವವರು ನೀವು! ಅದಕ್ಕೇ 10ನೇ ತಾರೀಖು ಸಂಜೆ ವ್ಯಾಪಾರಿಗಳು ಸಾಲ ಕೇಳಲು ಫೋನ್ ಮಾಡುವುದಿಲ್ಲ, 'ಬಿಲ್ ಹಾಕಿದ್ರಾ?' ಎಂದು ಕೇಳಲು ಮಾಡುತ್ತಾರೆ.

ಸತತ ಎರಡು ಅವಧಿಯ 3ಬಿ ಬಾಕಿ ಉಳಿಸಿಕೊಂಡರೆ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಬ್ಲಾಕ್! ಗೋಡೌನಿನಲ್ಲಿ ಮಾಲಿದೆ, ಹೊರಗೆ ಲಾರಿ ನಿಂತಿದೆ, ಡ್ರೈವರ್ ಟೀ ಮೇಲೆ ಟೀ ಕುಡಿಯುತ್ತಿದ್ದಾನೆ. ಗಾಡಿ ಮಾತ್ರ ಹೊರಡುವಂತಿಲ್ಲ.

ಇ-ವೇ ಬಿಲ್ ಎಂದಾಗ ನೆನಪಾಯಿತು. ತಮಿಳುನಾಡಿನ ಒಳಗೇ ಸರಕು ಸಾಗಿಸುವುದಾದರೆ 1 ಲಕ್ಷ ರೂಪಾಯಿವರೆಗೆ ಆ ಚೀಟಿ ಬೇಡ. ಕರ್ನಾಟಕದೊಳಗೆ 50,000 ದಾಟಿದರೆ ಬೇಕು. ಅತ್ತಿಬೆಲೆ ಗಡಿಯ ಆಚೆಗೊಂದು ಲೆಕ್ಕ, ಈಚೆಗೊಂದು ಲೆಕ್ಕ!

ಇನ್ನೂ ವಿಚಿತ್ರ ಬೇಕೇ? ಚೆನ್ನೈನಲ್ಲಿ ಬರೀ ಸರಕು ಮಾರುವ ಅಂಗಡಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಸಮುದ್ರದ ದಂಡೆ ಹಿಡಿದು ಪುದುಚೇರಿಗೆ ಹೋಗಿ. ಅಲ್ಲಿ ಮಿತಿ 20 ಲಕ್ಷ! ಅದೇ ಬಂಗಾಳ ಕೊಲ್ಲಿ, ಅದೇ ಗಾಳಿ, ಮಿತಿ ಮಾತ್ರ ಅರ್ಧ.

2023ರ ಡಿಸೆಂಬರ್. ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿತು. ಅಂಗಡಿಯೊಳಗೆ ನೀರು, ಕರೆಂಟಿಲ್ಲ, ಕಂಪ್ಯೂಟರಿಲ್ಲ. 20ನೇ ತಾರೀಖು ಹತ್ತಿರ ಬರುತ್ತಿದೆ. ಆಗೇನಾಯಿತು ಗೊತ್ತೇ? ಚೆನ್ನೈ, ತಿರುವಳ್ಳೂರು, ಚೆಂಗಲ್ಪಟ್ಟು, ಕಾಂಚೀಪುರಂ ಈ ನಾಲ್ಕು ಜಿಲ್ಲೆಗಳಿಗೆ ಮಾತ್ರ ನವೆಂಬರ್ ತಿಂಗಳ 3ಬಿ ಗಡುವನ್ನು 27ಕ್ಕೆ ಮುಂದೂಡಿದರು. ಪಕ್ಕದ ಜಿಲ್ಲೆಯವರಿಗೆ ಅದೇ 20! ಆದೇಶ ಬಂದದ್ದು ಯಾವಾಗ ಅಂತೀರಿ? ಸಾಕ್ಷಾತ್ ಗಡುವಿನ ದಿನವೇ, ಡಿಸೆಂಬರ್ 20ಕ್ಕೆ! ಅಷ್ಟರಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿ ಮಳೆ ಹುಯ್ದಿತ್ತು. ತೂತ್ತುಕುಡಿ ಜಿಲ್ಲೆಯ ಕಾಯಲ್‌ಪಟ್ಟಣದಲ್ಲಿ ಒಂದೇ ದಿನ ಸುಮಾರು 95 ಸೆಂಟಿಮೀಟರ್! ಅಲ್ಲಿನವರಿಗೆ 2024ರ ಜನವರಿ 10ರವರೆಗೆ ಸಮಯ ಸಿಕ್ಕಿತು.

ಚೆನ್ನೈಯ ಚಿಕ್ಕ ಉಡುಪಿ ಹೋಟೆಲಿನಲ್ಲಿ ಬಿಲ್ಲನ್ನು ಗಮನಿಸಿದ್ದೀರಾ? ಕೆಲವು ಕಡೆ ಜಿಎಸ್‌ಟಿ ಅಂತ ಒಂದು ಪೈಸೆಯೂ ಇರುವುದಿಲ್ಲ. ಗಾಬರಿ ಬೇಡ, ಅದು ಕಳ್ಳ ಲೆಕ್ಕವೇ ಆಗಿರಬೇಕಿಲ್ಲ! ಚಿಕ್ಕ ವ್ಯಾಪಾರಿಗಳಿಗೆಂದೇ ಇರುವ ಕಾಂಪೊಸಿಷನ್ ಯೋಜನೆಯಲ್ಲಿರುವ ಹೋಟೆಲು ತನ್ನ ವಹಿವಾಟಿನ 5 ಪರ್ಸೆಂಟ್ ಕಟ್ಟುತ್ತದೆ, ಆದರೆ ಅದನ್ನು ಗಿರಾಕಿಯ ಹತ್ತಿರ ವಸೂಲಿ ಮಾಡುವ ಹಾಗಿಲ್ಲ. 'ನಾನು ತೆರಿಗೆ ವಸೂಲಿ ಮಾಡುವಂತಿಲ್ಲ' ಎಂದು ಬಿಲ್ಲಿನ ಮೇಲೆ ತಾನೇ ಬರೆದುಕೊಳ್ಳಬೇಕು! ಅವರಿಗೆ ತಿಂಗಳ ತಲೆನೋವಿಲ್ಲ. ಮೂರು ತಿಂಗಳಾದ ಮೇಲೆ 18ನೇ ತಾರೀಖಿನೊಳಗೆ ದುಡ್ಡು ಕಟ್ಟಿದರಾಯಿತು.

ನಿಮ್ಮ ಕೈಯಲ್ಲಿರುವ ಬಿಲ್ಲಿನ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. 33 ಇದ್ದರೆ ತಮಿಳುನಾಡು, 29 ಇದ್ದರೆ ಕರ್ನಾಟಕ. ಅಂಗಡಿ ಎಲ್ಲಿಯದೆಂದು ಕೇಳಲೇಬೇಕಿಲ್ಲ!

ಚೆನ್ನೈಯ ಆದಾಯ ತೆರಿಗೆ ಕಚೇರಿ ಆಯಕರ್ ಭವನ ಇರುವುದು ನುಂಗಂಬಾಕ್ಕಂನಲ್ಲಿ. ಕೇಂದ್ರದ ಜಿಎಸ್‌ಟಿ ಭವನವೂ ಅದೇ ರಸ್ತೆಯಲ್ಲಿ! ಆ ರಸ್ತೆಯ ಅಧಿಕೃತ ಹೆಸರೇನು ಗೊತ್ತೇ? ಮಹಾತ್ಮಾ ಗಾಂಧಿ ರಸ್ತೆ. ಉಪ್ಪಿನ ಕರದ ವಿರುದ್ಧ ದಂಡಿಗೆ ನಡೆದುಹೋದವರ ಹೆಸರಿನ ಬೀದಿಯಲ್ಲೇ ಎರಡೆರಡು ತೆರಿಗೆ ಕಚೇರಿ!

ತೆರಿಗೆ ಜಗಳ ಚೆನ್ನೈಗೆ ಹೊಸತೇನಲ್ಲ. 1686ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮನೆ ತೆರಿಗೆ ಹಾಕಲು ಹೊರಟಾಗ ಊರಿನವರು ಅಂಗಡಿ ಮುಚ್ಚಿ ಕೂತರು! ಕಂಪನಿಯವರು ತಲೆ ಓಡಿಸಿದರು. ಊರಿನ ಮುಖಂಡರನ್ನೇ ಕೂರಿಸಿ ಅವರ ಕೈಯಿಂದಲೇ ತೆರಿಗೆ ಹಾಕಿಸಿದರೆ ಜನ ಗೊಣಗುವುದು ಕಡಿಮೆ ಎಂದು ಲೆಕ್ಕ ಹಾಕಿದರು. ಹಾಗೆ 1688ರ ಸೆಪ್ಟೆಂಬರ್ 29ರಂದು ಶುರುವಾದದ್ದೇ ಮದರಾಸು ಕಾರ್ಪೊರೇಷನ್, ದೇಶದಲ್ಲೇ ಮೊದಲನೆಯದು!

ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲ, ಕಾಸರಗೋಡಿನವರೇ, ಇದು ನಿಮಗೆ. ಬೆಂಗಳೂರಿನ ಅಂಗಡಿಯವರಿಗಿಂತ ಮೊದಲೇ ನಿಮ್ಮ ಅಜ್ಜಂದಿರು ಮಾರಾಟ ತೆರಿಗೆಯ ರುಚಿ ನೋಡಿದ್ದರು! ಆಗ ನಿಮ್ಮೂರುಗಳು ಮದರಾಸು ಪ್ರಾಂತ್ಯದಲ್ಲಿದ್ದವು. ರಾಜಾಜಿ ಸರ್ಕಾರ 1937ರಲ್ಲಿ ಸೇಲಂನಿಂದ ಪಾನನಿಷೇಧ ಶುರು ಮಾಡಿತು. ಹೆಂಡದ ವರಮಾನ ಖೋತಾ ಆಯಿತು. ಅದನ್ನು ತುಂಬಿಕೊಳ್ಳಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದರು. ಮೈಸೂರು ಸೀಮೆಗೆ ಅಂಥ ಕಾನೂನು ಬಂದದ್ದು 1948ರಲ್ಲಿ. ಯಾರೋ ಕುಡಿಯುವುದು ಬಿಟ್ಟರು, ಜವಳಿ ಅಂಗಡಿಯವರು ಲೆಕ್ಕ ಬರೆದರು!

ಈಗ ಬರುವುದು ನನಗೆ ಬಲು ಇಷ್ಟವಾದದ್ದು. ಭಾರತಕ್ಕೆ 1860ರಲ್ಲಿ ಆದಾಯ ತೆರಿಗೆ ತಂದವರು ಜೇಮ್ಸ್ ವಿಲ್ಸನ್. ಅವರ ಮೊದಲ ಕಸುಬು ಏನು ಹೇಳಿ? ಟೋಪಿ ವ್ಯಾಪಾರ! ನಗಬೇಡಿ, ನಿಜಕ್ಕೂ ಸ್ಕಾಟ್ಲೆಂಡಿನಲ್ಲಿ ಟೋಪಿ ತಯಾರಿಸುತ್ತಿದ್ದರು. ಲಂಡನ್ನಿನ ದಿ ಎಕನಾಮಿಸ್ಟ್ ಪತ್ರಿಕೆ ಶುರು ಮಾಡಿದವರೂ ಅವರೇ. ಆ ತೆರಿಗೆಗೆ ಸಿಕ್ಕಾಪಟ್ಟೆ ವಿರೋಧ ಎಲ್ಲಿಂದ ಬಂತು ಗೊತ್ತೇ? ಮದರಾಸಿನಿಂದ! ಅದೂ ಯಾರಿಂದ? ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್‌ರಿಂದಲೇ! 'ಇದು ಬೇಡ' ಎಂದು ಬರೆದು, ಬರೆದದ್ದನ್ನು ಪೇಪರಿಗೂ ಕೊಟ್ಟುಬಿಟ್ಟರು. ಸರ್ಕಾರದ ಗುಟ್ಟು ಬೀದಿಗೆ ಬಂತು. ಲಂಡನ್ನಿನವರು ಕೆಂಡವಾಗಿ ಅವರನ್ನು ವಾಪಸ್ ಕರೆಸಿಕೊಂಡರು. ಇತ್ತ ವಿಲ್ಸನ್ ಅದೇ ವರ್ಷ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಆಮಶಂಕೆಯಿಂದ ತೀರಿಕೊಂಡರು. ಕೆಲವೇ ವರ್ಷದಲ್ಲಿ ವಿಲ್ಸನ್ ಕೂತಿದ್ದ ಹಣಕಾಸು ಕುರ್ಚಿಗೆ ಬಂದು ಕೂತವರು ಯಾರು? ಅದೇ ಟ್ರೆವೆಲ್ಯನ್! ಐದು ವರ್ಷಕ್ಕೆಂದು ಹಾಕಿದ್ದ ಆ ತೆರಿಗೆ 1865ರಲ್ಲಿ ನಿಂತೂ ಹೋಯಿತು. ಆಮೇಲೆ ಮತ್ತೆ ಬಂತು, ಆ ಮಾತು ಬೇರೆ!

ಆರ್ಥಿಕ ವರ್ಷ ಏಪ್ರಿಲ್ 1ಕ್ಕೇ ಏಕೆ ಶುರು? 1867ಕ್ಕೆ ಮೊದಲು ಅದು ಮೇ 1ಕ್ಕೆ ಶುರುವಾಗುತ್ತಿತ್ತು! ಬ್ರಿಟಿಷ್ ಸರ್ಕಾರದ ಲೆಕ್ಕಕ್ಕೆ ಹೊಂದಲಿ ಎಂದು ಬದಲಾಯಿಸಿದರು. ತಮಾಷೆ ಏನೆಂದರೆ, ಬ್ರಿಟನ್ನಿನ ಜನಸಾಮಾನ್ಯರ ತೆರಿಗೆ ವರ್ಷ ಇವತ್ತಿಗೂ ಏಪ್ರಿಲ್ 6ಕ್ಕೆ ಶುರು!

ಲೆಕ್ಕ ಒಪ್ಪಿಸದವರಿಗೆ ಹಿಂದೆ ಏನು ಶಿಕ್ಷೆ? ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿಗೆ ಹೋಗಿ. ಸುಮಾರು 1,100 ವರ್ಷದ ಹಿಂದಿನ ಚೋಳರ ಶಾಸನ ದೇವಸ್ಥಾನದ ಗೋಡೆಯ ಮೇಲೇ ಇದೆ. ಊರಿನ ಸಮಿತಿಗೆ ಓಲೆಗರಿಯಲ್ಲಿ ಹೆಸರು ಬರೆದು ಕೊಡಕ್ಕೆ ಹಾಕುತ್ತಿದ್ದರು. ಚಿಕ್ಕ ಹುಡುಗನೊಬ್ಬ ಚೀಟಿ ಎತ್ತುತ್ತಿದ್ದ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡದೊಳಗೆ ಹೋಗುವಂತೆಯೇ ಇರಲಿಲ್ಲ. ಅಷ್ಟೇ ಅಲ್ಲ, ಅವನ ನಂಟರದೂ ಹೋಗುವಂತಿರಲಿಲ್ಲ! ದಿನಕ್ಕೆ 20 ರೂಪಾಯಿ ದಂಡವೇ ವಾಸಿ ಅನ್ನಿಸಿತೇ?

2025ರಲ್ಲಿ ಆದಾಯ ತೆರಿಗೆ ರಿಟರ್ನ್ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಯಿತು. 15ರ ತಡರಾತ್ರಿ ಇನ್ನೊಂದು ದಿನ ಸಿಕ್ಕಿತು. ಜನ ನಿಟ್ಟುಸಿರು ಬಿಟ್ಟು ಲಾಗಿನ್ ಆಗಲು ಹೋದರೆ? ರಾತ್ರಿ 12ರಿಂದ 2.30ರವರೆಗೆ ಪೋರ್ಟಲ್ ರಿಪೇರಿಗೆ ಬಂದ್! ಕೊಟ್ಟ ಒಂದೇ ದಿನದಲ್ಲಿ ಎರಡೂವರೆ ಗಂಟೆ ವಾಪಸ್!

ಟಿ. ನಗರದ ವ್ಯಾಪಾರಿ ಒತ್ತಿದ ರಿಟರ್ನ್ ನುಂಗಂಬಾಕ್ಕಂಗೆ ಹೋಗುತ್ತದೆ ಅಂದುಕೊಂಡಿದ್ದೀರಾ? ಅದು ಮೊದಲು ಬರುವುದು ನಮ್ಮ ಬೆಂಗಳೂರಿಗೆ! ಇಡೀ ದೇಶದ ಆದಾಯ ತೆರಿಗೆ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ ಬೆಂಗಳೂರಿನಲ್ಲಿದೆ. ಸಹಿ ಮಾಡಿದ ಕಾಗದ ಕಳಿಸುವವರು ಇಂದಿಗೂ ಬೆಂಗಳೂರಿನ ವಿಳಾಸ ಬರೆಯುತ್ತಾರೆ.

'ಪುಸ್ತಕ ಬರೆಯುವುದೇ ಬೇಸರ' ಎನ್ನುವ ಚಿಕ್ಕ ವ್ಯಾಪಾರಿಗೂ ದಾರಿಯಿದೆ. ವಹಿವಾಟಿನ 8 ಪರ್ಸೆಂಟ್, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದ ದುಡ್ಡಾದರೆ 6 ಪರ್ಸೆಂಟ್ ಲಾಭ ಎಂದು ತೋರಿಸಿದರೆ ಸಾಮಾನ್ಯವಾಗಿ ಲೆಕ್ಕದ ಪುಸ್ತಕವೇ ಬೇಡ! ಉಳಿದವರು ಮುಂಗಡ ತೆರಿಗೆಯನ್ನು ನಾಲ್ಕು ಕಂತಿನಲ್ಲಿ ಕಟ್ಟಿದರೆ ಇವರಿಗೆ ಮಾರ್ಚ್ 15ರ ಒಂದೇ ಕಂತು.

ಕೊನೆಗೆ ವೃತ್ತಿ ತೆರಿಗೆ. ಚೆನ್ನೈನಲ್ಲಿ ಇದು ಕಾರ್ಪೊರೇಷನ್ ಪಾಲು. ಸೆಪ್ಟೆಂಬರ್ 30 ಮತ್ತು ಮಾರ್ಚ್ 31, ವರ್ಷಕ್ಕೆ ಎರಡೇ ಗಡುವು, ಸಲಕ್ಕೆ ಹೆಚ್ಚೆಂದರೆ 1,250 ರೂಪಾಯಿ. ಕರ್ನಾಟಕದಲ್ಲಿ ಇದು ರಾಜ್ಯ ಸರ್ಕಾರದ್ದು. ಸಂಬಳದಿಂದ ತಿಂಗಳಿಗೆ 200 ರೂಪಾಯಿ ಹಿಡಿಯುತ್ತಾರೆ. ಹನ್ನೆರಡು ತಿಂಗಳಿಗೆ 2,400 ಆಯಿತು. ಸಂವಿಧಾನ ಹಾಕಿದ ಮಿತಿ 2,500. ಆ ನೂರು ರೂಪಾಯಿ ಬಿಡುವುದುಂಟೇ? 2025ರಿಂದ ಒಂದು ತಿಂಗಳು ಮಾತ್ರ 300 ರೂಪಾಯಿ! ಯಾವ ತಿಂಗಳು ಊಹಿಸಿ? ಇಪ್ಪತ್ತೆಂಟೇ ದಿನದ ಫೆಬ್ರವರಿ!