ಒಂದೇ ಕಂಪನಿ, ಹಲವು ಅರ್ಥ

ಮಕ್ಕಳೇ, ಇಂಗ್ಲಿಷಿನಿಂದ ಬಂದು ನಮ್ಮ ಮನೆಮಾತೇ ಆಗಿಹೋದ ಒಂದು ಪದವಿದೆ: ‘ಕಂಪನಿ’. ನಮ್ಮ ತುಮಕೂರು ಜಿಲ್ಲೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಸಾಕು, ಅದರ ಅರ್ಥಗಳು ದಾರಿಯುದ್ದಕ್ಕೂ ಸಿಗುತ್ತವೆ.

ಮೊದಲು ಕುಣಿಗಲ್. ಇಲ್ಲಿನ ಕುದುರೆ ಫಾರಂನಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದರು. ಟಿಪ್ಪುವಿನ ದೊಡ್ಡ ಶತ್ರು ಯಾರು ಗೊತ್ತೆ? ಒಂದು ಕಂಪನಿ! 1600ರಲ್ಲಿ ಲಂಡನ್ನಿನ ವರ್ತಕರು ಕಟ್ಟಿಕೊಂಡ ಈಸ್ಟ್ ಇಂಡಿಯಾ ಕಂಪನಿ. ವ್ಯಾಪಾರಕ್ಕೆಂದು ಬಂದವರು ಸೈನ್ಯ ಕಟ್ಟಿ, 1799ರಲ್ಲಿ ಶ್ರೀರಂಗಪಟ್ಟಣವನ್ನೇ ಗೆದ್ದರು. ಹಿಂದಿನವರ ಬಾಯಲ್ಲಿ ಅದು ‘ಕುಂಪಣಿ ಸರ್ಕಾರ’. ಸೈನ್ಯದಲ್ಲಿ ಸುಮಾರು ನೂರು ಸಿಪಾಯಿಗಳ ತುಕಡಿಗೂ ಕಂಪನಿ ಎಂದೇ ಹೆಸರು.

ಗುಬ್ಬಿಯಲ್ಲಿ ಕಂಪನಿ ಎಂದರೆ ಕತ್ತಿಯಲ್ಲ, ಬಣ್ಣ! 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಜನರಿಗೆ ‘ಗುಬ್ಬಿ ಕಂಪನಿ’. ಪುಟ್ಟ ಹುಡುಗನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಯಜಮಾನರಾದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆಯನ್ನೇ ರಂಗಕ್ಕೆ ತಂದರು. ರಾಜ್‌ಕುಮಾರ್, ನರಸಿಂಹರಾಜು, ಬಿ.ವಿ. ಕಾರಂತ ಎಲ್ಲರೂ ಆ ಕಂಪನಿಯಲ್ಲಿ ಪಳಗಿದವರೇ. ಇಂಥ ನಾಟಕಗಳಿಗೆ ಇಂದಿಗೂ ‘ಕಂಪನಿ ನಾಟಕ’ ಎನ್ನುತ್ತೇವೆ.

ತುಮಕೂರಿನಲ್ಲಿ ಕಂಪನಿ ಎಂದರೆ ಕಾರ್ಖಾನೆ. ಒಂದು ಕಾಲಕ್ಕೆ ಇಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಾಗುತ್ತಿತ್ತು. ಈಗ ಆ ಕಾರ್ಖಾನೆ ಇಲ್ಲ. ಇತ್ತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ನಮ್ಮ ಬೀದಿಯಲ್ಲಿ ಗಡಿಯಾರ ಜೋಡಿಸುತ್ತಿದ್ದ ಹಿರಿಯರೊಬ್ಬರಿದ್ದಾರೆ. ಸಂಜೆ ಹಳೆಯ ಗೆಳೆಯರ ಜೊತೆ ಅಮಾನಿಕೆರೆಯ ಕಡೆ ವಾಕಿಂಗ್ ಹೊರಡುತ್ತಾರೆ. ‘ಕಂಪನಿ ಮುಚ್ಚಿ ಎಷ್ಟೋ ವರ್ಷವಾಯ್ತಲ್ಲ ಸ್ವಾಮಿ’ ಎಂದೆ. ‘ಆ ಕಂಪನಿ ಮುಚ್ಚಿತು ಕಣಪ್ಪ, ಈ ಕಂಪನಿ ಮುಚ್ಚಿಲ್ಲ’ ಎಂದು ಪಕ್ಕದವರ ಹೆಗಲ ಮೇಲೆ ಕೈಯಿಟ್ಟರು.

ಅವರು ಹೇಳಿದ್ದೇ ಈ ಪದದ ಮೂಲಕ್ಕೆ ಹತ್ತಿರ. ಲ್ಯಾಟಿನ್ ಭಾಷೆಯಲ್ಲಿ ‘ಕೋಮ್’ ಎಂದರೆ ಜೊತೆ, ‘ಪಾನಿಸ್’ ಎಂದರೆ ರೊಟ್ಟಿ. ಜೊತೆಯಲ್ಲಿ ಕೂತು ರೊಟ್ಟಿ ಹಂಚಿಕೊಂಡು ತಿನ್ನುವವರೇ ಕಂಪನಿ! ವರ್ತಕರು, ಸಿಪಾಯಿಗಳು, ನಟರು, ಕಾರ್ಮಿಕರು ಎಲ್ಲರೂ ಆಮೇಲೆ ಆ ಹೆಸರಿನೊಳಗೆ ಬಂದು ಕೂತವರು. ಹಾಗೆ ನೋಡಿದರೆ ಸಿದ್ಧಗಂಗಾ ಮಠದ ದಾಸೋಹದಲ್ಲಿ ನಿತ್ಯ ಸಾಲಾಗಿ ಕೂತು ಉಣ್ಣುವ ಸಾವಿರಾರು ಮಕ್ಕಳಿಗಿಂತ ದೊಡ್ಡ ಕಂಪನಿ ನಮ್ಮೂರಿನಲ್ಲಿ ಯಾವುದಿದೆ?

ನೀವು ‘ಆಟಕ್ಕೆ ಕಂಪನಿ ಕೊಡೋ’ ಎಂದು ಗೆಳೆಯನನ್ನು ಕರೆಯುತ್ತೀರಲ್ಲ, ಅದೂ ಇದೇ. ಈ ಭಾನುವಾರ ಒಂದು ಕೆಲಸ ಮಾಡಿ: ‘ತಾತ, ಅಜ್ಜಿ, ನೀವು ಚಿಕ್ಕವರಿದ್ದಾಗ ನಿಮ್ಮ ಕಂಪನಿ ಯಾರು?’ ಎಂದು ಕೇಳಿ. ಕೇಳಿ ಎದ್ದು ಹೋಗಬೇಡಿ. ಅವರ ಜೊತೆ ಕೂತು ಊಟ ಮಾಡುತ್ತಾ ಪೂರ್ತಿ ಕೇಳಿ.