ಹೋಟೆಲ್ ಫ್ರಾಂಚೈಸಿ: ಸಹಿಗೆ ಮುನ್ನ ಲೆಕ್ಕ

ಕರ್ನಾಟಕದಲ್ಲಿ ತಮ್ಮ ವಸತಿಗೃಹಕ್ಕೆ ಹೆಸರಾಂತ ಬ್ರಾಂಡಿನ ಫ್ರಾಂಚೈಸಿ ಪಡೆಯಬಯಸುವ ಉದ್ಯಮಿಗಳು ಎರಡು ಸಂಗತಿಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಅಮೆರಿಕದಲ್ಲಿ ಒಪ್ಪಂದಕ್ಕೆ ಕನಿಷ್ಠ 14 ದಿನ ಮುಂಚೆ ಮಾಹಿತಿ ಪತ್ರ ನೀಡುವುದು ಕಡ್ಡಾಯ. ಇಲ್ಲಿ 1872ರ ಕರಾರು ಕಾಯಿದೆಯೇ ಮುಖ್ಯ ಆಧಾರ. ಆದ್ದರಿಂದ ಅವಧಿ, ವ್ಯಾಪಾರ ಪ್ರದೇಶ, ನವೀಕರಣ, ರದ್ದತಿಯ ಷರತ್ತುಗಳೆಲ್ಲವೂ ಕರಾರಿನಲ್ಲಿಯೇ ಲಿಖಿತವಾಗಿರಬೇಕು.

ಎರಡನೆಯದು ತೆರಿಗೆ. ರಾಯಧನದ ಮೇಲೆ ಶೇ. 18 ಜಿಎಸ್‌ಟಿ ಉಂಟು. ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ದರವಿದ್ದು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಆದಕಾರಣ ಅಂತಹ ಕೊಠಡಿಗಳ 1 ಲಕ್ಷ ರೂ. ಆದಾಯಕ್ಕೆ ಶೇ. 8 ರಾಯಧನವೆಂದರೆ ನೈಜ ವೆಚ್ಚ 8,000 ಅಲ್ಲ, 9,440 ರೂ. ರಾಯಧನವು ಸಾಮಾನ್ಯವಾಗಿ ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಬ್ರಾಂಡು ತರುವ ಹೆಚ್ಚುವರಿ ಗ್ರಾಹಕರಿಂದ ಈ ವೆಚ್ಚ ಹುಟ್ಟುವುದೇ ಎಂಬುದನ್ನು ಪರಿಶೀಲಿಸಿ ಸಹಿ ಹಾಕುವುದು ಕ್ಷೇಮ.